ಕಲಬುರಗಿ ಕಡೆಯ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುವುದು ಹೇಗೆ: ವಾಕ್ಯ ಮೊದಲು, ನಿಯಮ ಕೊನೆಗೆ

ಟೆನ್ಸ್ ಚಾರ್ಟ್ ಗೋಡೆಗೆ ಅಂಟಿಸಿ, ಹನ್ನೆರಡೂ ಟೆನ್ಸ್ ಬಾಯಿಪಾಠ ಮಾಡಿಸಿ, ಆಮೇಲೆ ಒಬ್ಬ ಹುಡುಗನನ್ನು ಎಬ್ಬಿಸಿ ‘ನಿನ್ನೆ ಏನು ಮಾಡಿದೆ, ಇಂಗ್ಲಿಷಿನಲ್ಲಿ ಹೇಳು’ ಅಂದರೆ ಅವನು ಗೋಡೆ ಕಡೆ ನೋಡುತ್ತಾನೆ. ನಿಯಮ ಕೇಳಿದರೆ ಒಂದೂ ತಪ್ಪದೆ ಒಪ್ಪಿಸುತ್ತಾನೆ, ವಾಕ್ಯ ಮಾತ್ರ ಬರುವುದಿಲ್ಲ. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅಂದರೆ ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಹತ್ತು ವರ್ಷ. ಹತ್ತು ವರ್ಷ ಕಲಿತ ಭಾಷೆಯಲ್ಲಿ ಮಗು ತನ್ನ ಬಗ್ಗೆ ನಾಲ್ಕು ಮಾತಾದರೂ ಆಡಬೇಕು ಅಲ್ವಾ?

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇಲ್ಲಿ ಬರೆಯುತ್ತಿರುವುದು ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರು ಜಿಲ್ಲೆಗಳ ಕ್ಲಾಸುಗಳಿಗೆ ಹೊಂದುವ ದಾರಿ. ವಾಕ್ಯ ಮೊದಲು ಮಗುವಿನ ಕಿವಿಗೆ ಬೀಳಬೇಕು, ಆಮೇಲೆ ಬಾಯಿಗೆ, ಆಮೇಲೆ ಕೈಗೆ ಬರಬೇಕು. ನಿಯಮ ಹೇಳುವುದು ಕೊನೆಗೆ. ಇನ್ನೊಂದು, ಗ್ರಾಮರ್ ಪುಸ್ತಕದಲ್ಲಿ ಇರುವುದಕ್ಕೆಲ್ಲ ಒಂದೇ ಸಮ ಸಮಯ ಕೊಡಬಾರದು. ನಮ್ಮ ಮನೆಮಾತಿಗೂ ಇಂಗ್ಲಿಷಿಗೂ ಎಲ್ಲಿ ದಾರಿ ಬೇರೆಯಾಗುತ್ತದೋ ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು, ಉಳಿದದ್ದನ್ನು ಬೇಗ ದಾಟಿಬಿಡಬೇಕು.

ಮೊದಲು ಮಕ್ಕಳ ಮನೆಮಾತು ತಿಳಿದುಕೊಳ್ಳಿ

ನಮ್ಮ ಕಡೆ ಒಂದೇ ಬೆಂಚಿನಲ್ಲಿ ಮೂರು ಭಾಷೆ ಕೂತಿರುತ್ತವೆ. ಭಾಲ್ಕಿ, ಔರಾದ್ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ತಾಂಡಾದಿಂದ ಬರುವವರದು ಲಂಬಾಣಿ, ಕಲಬುರಗಿ, ಬೀದರ್ ಪಟ್ಟಣದ ಓಣಿಗಳಲ್ಲಿ ದಖನಿ ಉರ್ದು. ಹೊಸದಾಗಿ ಬಂದ ಮಾಸ್ತರರು ಇದನ್ನು ನೋಡಿ ಗಾಬರಿ ಆಗುತ್ತಾರೆ. ಗಾಬರಿ ಬೇಡ. ‘ನಾನು ನೀರು ಕುಡಿಯುತ್ತೇನೆ’, ‘ಮೈ ಪಾನಿ ಪೀತಾ ಹೂಂ’, ‘ಮೀ ಪಾಣಿ ಪಿತೋ’, ‘ನೇನು ನೀಳ್ಳು ತಾಗುತಾನು’ ಈ ನಾಲ್ಕನ್ನೂ ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದು, ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಎಲ್ಲದರಲ್ಲೂ ಅದು ಕೊನೆಗೆ ಬರುತ್ತದೆ. ಲಂಬಾಣಿ ಹುಡುಗಿಯನ್ನು ಕೇಳಿ, ಅವಳ ಭಾಷೆಯಲ್ಲೂ ಅಲ್ಲೇ. ಇಂಗ್ಲಿಷಿನಲ್ಲಿ ಮಾತ್ರ ‘ಐ ಡ್ರಿಂಕ್ ವಾಟರ್’, ಕ್ರಿಯಾಪದ ನಡುವೆ. ಹಾಗಾಗಿ ‘ಐ ವಾಟರ್ ಡ್ರಿಂಕ್’ ಅನ್ನುವುದು ಇಡೀ ಕ್ಲಾಸಿನ ತಪ್ಪು, ಅದಕ್ಕೆ ಒಂದೇ ಅಭ್ಯಾಸ ಸಾಕು.

ಹೀಗೆ ಇನ್ನೂ ಮೂರು ನಾಲ್ಕು ಇವೆ. ‘ಮೇಜಿನ ಮೇಲೆ’ ಅನ್ನುವಾಗ ನಮಗೆ ‘ಮೇಲೆ’ ಹಿಂದೆ ಬರುತ್ತದೆ, ಇಂಗ್ಲಿಷಿನಲ್ಲಿ ‘ಆನ್’ ಮುಂದೆ ಬರುತ್ತದೆ. ‘ಅವರು ಡಾಕ್ಟರ್’ ಅಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಅಲ್ಲಿ ‘ಈಸ್’ ಬೇಕು. ‘ನನಗೆ ಹಸಿವಾಗಿದೆ’, ‘ನನಗೆ ಇಬ್ಬರು ತಮ್ಮಂದಿರು’ ಅಂತ ನಾವು ‘ನನಗೆ’ಯಿಂದ ಶುರು ಮಾಡುತ್ತೇವೆ, ಉರ್ದು ಮನೆಯವರು ‘ಮೇರೆಕು’, ಮರಾಠಿಯವರು ‘ಮಲಾ’, ತೆಲುಗಿನವರು ‘ನಾಕು’. ಇಂಗ್ಲಿಷಿಗೆ ಅಲ್ಲಿ ‘ಐ’ ಬೇಕು: ‘ಐ ಆ್ಯಮ್ ಹಂಗ್ರಿ’, ‘ಐ ಹ್ಯಾವ್ ಟೂ ಬ್ರದರ್ಸ್’. ಒಂದು ವಾರ ಸುಮ್ನೆ ಈ ‘ನನಗೆ’ ವಾಕ್ಯಗಳನ್ನೇ ಆಡಿಸಿ. ಜ್ವರ, ನೆಗಡಿ, ಹಸಿವು, ನಿದ್ದೆ, ಬಾಯಾರಿಕೆ, ಅಕ್ಕ, ತಮ್ಮ, ಎಮ್ಮೆ. ಮಕ್ಕಳ ಬಾಯಿಗೆ ದಿನಾ ಬರುವ ಮಾತುಗಳೇ ಇವು, ಬೇಗ ಹಿಡಿಯುತ್ತವೆ.

ಮಕ್ಕಳಿಗೆ ಧೈರ್ಯ ಕೊಡುವ ಒಂದು ವಿಷಯವೂ ಇದೆ. ಹೋಗುತ್ತೇನೆ, ಹೋಗುತ್ತೀ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ ಅಂತ ಕನ್ನಡದಲ್ಲಿ ಆಳಿಗೊಂದು ರೂಪ. ಇಂಗ್ಲಿಷಿನಲ್ಲಿ ‘ಗೋ’ ಒಂದೇ, ಹಿ, ಶಿ, ಇಟ್ ಬಂದಾಗ ಮಾತ್ರ ‘ಗೋಸ್’. ಐದು ರೂಪ ತಪ್ಪದೆ ಆಡುವ ಮಗುವಿಗೆ ಎರಡು ಕಷ್ಟವಲ್ಲ ಅಂತ ಹೇಳಿ ನೋಡಿ, ಮುಖ ಅರಳುತ್ತದೆ.

ಒಂದು ಪಿರಿಯಡ್ ಹೀಗೆ ನಡೆಸಿ

ಆರನೇ ಅಥವಾ ಏಳನೇ ತರಗತಿ, ಪಾಸ್ಟ್ ಟೆನ್ಸ್, ನಲವತ್ತು ನಿಮಿಷ ಅಂದುಕೊಳ್ಳಿ. ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬೇಡಿ. ನಿಮ್ಮ ನಿನ್ನೆಯ ದಿನ ಹೇಳಿ. ‘ಎಸ್ಟರ್‌ಡೇ ಐ ವೆಂಟ್ ಟು ಶಹಾಪುರ. ಐ ಮೆಟ್ ಮೈ ಅಂಕಲ್. ವಿ ಡ್ರ್ಯಾಂಕ್ ಟೀ. ಐ ಬಾಟ್ ಆನಿಯನ್ಸ್. ಐ ಕೇಮ್ ಹೋಮ್ ಅಟ್ ಸಿಕ್ಸ್.’ ಹೇಳುತ್ತಾ ಬೋರ್ಡಿನ ಮೇಲೆ ಬಸ್ಸು, ಕಪ್ಪು, ಉಳ್ಳಾಗಡ್ಡಿ ಚಿತ್ರ ಗೀಚಿ, ಚಿತ್ರ ಹೆಂಗಿದ್ದರೂ ನಡೆಯುತ್ತದೆ. ಎರಡು ಸಲ ಹೇಳಿ. ಮೂರನೇ ಸಲ ಬೇಕೆಂದೇ ಪ್ರಶ್ನೆ ಮಾಡಿ: ‘ಡಿಡ್ ಐ ಗೋ ಟು ಸುರಪುರ?’ ಕ್ಲಾಸೆಲ್ಲ ‘ನೋ ಸರ್!’ ‘ವೇರ್ ಡಿಡ್ ಐ ಗೋ?’ ‘ಶಹಾಪುರ!’ ‘ಡಿಡ್ ವಿ ಡ್ರಿಂಕ್ ಕಾಫಿ?’ ಇಷ್ಟರಲ್ಲಿ ‘ಡಿಡ್’ ಹತ್ತು ಸಲ ಅವರ ಕಿವಿಗೆ ಬಿದ್ದಿರುತ್ತದೆ, ಅದರ ಜೊತೆ ‘ವೆಂಟ್’ ಬರದೆ ‘ಗೋ’ ಬಂದದ್ದೂ ಕೇಳಿರುತ್ತಾರೆ, ನೀವು ಒಂದು ನಿಯಮವನ್ನೂ ಹೇಳಿಲ್ಲ.

ಈಗ ಮಕ್ಕಳ ಸರದಿ. ಕನ್ನಡದಲ್ಲೇ ಹೇಳಲಿ, ತಮ್ಮ ಭಾಷೆಯಲ್ಲೇ ಹೇಳಲಿ. ‘ಸರ, ನಾ ನಿನ್ನಿ ಅಪ್ಪನ ಜೋಡಿ ಹೊಲಕ್ಕ ಹೋಗಿದ್ದೆರಿ’ ಅಂದರೆ ನೀವು ‘ಐ ವೆಂಟ್ ಟು ದ ಫೀಲ್ಡ್ ವಿತ್ ಮೈ ಫಾದರ್’ ಅಂತ ಅವನಿಗೆ ಅವನದೇ ವಾಕ್ಯ ಕೊಡಿ, ಅವನು ತಿರುಗಿ ಹೇಳಲಿ, ಬೋರ್ಡಿನ ಮೇಲೆ ಬರೆಯಿರಿ, ಪಕ್ಕದಲ್ಲಿ ಅವನ ಹೆಸರು ಹಾಕಿ. ಹೆಸರು ಹಾಕುವುದು ಮುಖ್ಯ. ಐದಾರು ಮಕ್ಕಳ ವಾಕ್ಯ ಆದ ಮೇಲೆ ಎಲ್ಲರೂ ಸೇರಿ ಓದಲಿ. ಆಮೇಲೆ ಡಸ್ಟರ್ ತಗೊಂಡು ಒಂದೊಂದು ವಾಕ್ಯದಿಂದ ಒಂದೊಂದು ಪದ ಅಳಿಸಿ, ಅಳಿಸಿದ ಜಾಗ ಸೇರಿಸಿ ಓದಿಸಿ. ಇನ್ನೊಂದು ಪದ ಅಳಿಸಿ. ಕೊನೆಗೆ ಬೋರ್ಡ್ ಖಾಲಿ ಇರುತ್ತದೆ, ಮಕ್ಕಳು ಖಾಲಿ ಬೋರ್ಡ್ ನೋಡಿಕೊಂಡು ಆರು ವಾಕ್ಯ ಹೇಳುತ್ತಾರೆ. ಹಿಂದಿನ ಬೆಂಚಿನವರೂ ಹೇಳುತ್ತಾರೆ, ಇದನ್ನು ಒಮ್ಮೆ ಮಾಡಿದವರು ಬಿಡುವುದಿಲ್ಲ.

ಮುಂದಿನ ಹತ್ತು ನಿಮಿಷ ಪಕ್ಕದವರ ಜೊತೆ ಮಾತು, ಒಬ್ಬರಿಗೊಬ್ಬರು ಮೂರು ಪ್ರಶ್ನೆ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಗದ್ದಲ ಆಗುತ್ತದೆ, ಆಗಲಿ. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ಐವತ್ತೊಂಬತ್ತು ಜನ ಸುಮ್ಮನೆ ಕೂತಿರುತ್ತಾರೆ. ಆಮೇಲೆ ಮೂರು ವಾಕ್ಯ ನೋಟ್‌ಬುಕ್ಕಿನಲ್ಲಿ. ಕೊನೆಯ ಐದು ನಿಮಿಷ ಉಳಿದಾಗ ಕೇಳಿ: ‘ಈ ವಾಕ್ಯಗಳಲ್ಲೆಲ್ಲ ಏನು ಒಂದೇ ಥರ ಇದೆ?’ ಅವರೇ ಹೇಳುತ್ತಾರೆ, ‘ನಿನ್ನೆದು ಹೇಳುವಾಗ ಗೋ ವೆಂಟ್ ಆಗ್ತದ ಸರ’ ಅಂತ. ಆ ಮಾತನ್ನೇ ನಿಯಮ ಅಂತ ಬರೆಸಿ, ಕನ್ನಡದಲ್ಲೇ ಬರೆಸಿ. ನಿಯಮ ವಿವರಿಸಲು ಮನೆಮಾತು ಬಳಸುವುದರಲ್ಲಿ ಏನೂ ತಪ್ಪಿಲ್ಲ, ಅಭ್ಯಾಸ ಮಾತ್ರ ಇಂಗ್ಲಿಷಿನಲ್ಲಿ ಆಗಬೇಕು.

ಪ್ರಶ್ನೆ ಕೇಳುವುದಕ್ಕೆ ರಟ್ಟಿನ ಕಾರ್ಡು

‘ವೇರ್ ಯು ಆರ್ ಗೋಯಿಂಗ್’, ‘ವೇರ್ ಯು ವೆಂಟ್’, ‘ಡಿಡ್ ಯು ವೆಂಟ್’. ಈ ಮೂರು ಡಿಗ್ರಿ ಓದಿದವರ ಬಾಯಲ್ಲೂ ಉಳಿದಿರುತ್ತವೆ. ಕಾರಣ ಸರಳ. ‘ಬಂದಿ’ಯನ್ನು ‘ಬಂದಿಯಾ’ ಮಾಡಿದರೆ ನಮ್ಮ ಪ್ರಶ್ನೆ ಮುಗಿಯಿತು, ಪದಗಳು ಜಾಗ ಬಿಟ್ಟು ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಕದಲುತ್ತವೆ, ಅದನ್ನು ಕಣ್ಣಿಗೆ ಕಾಣುವ ಹಾಗೆ ಕದಲಿಸಿ ತೋರಿಸಬೇಕು.

ಹಳೇ ಮದುವೆ ಕಾರ್ಡು, ರಟ್ಟು, ಏನಾದರೂ ಸರಿ. ‘ಯು’, ‘ಟು ಹುಮನಾಬಾದ್’, ‘ಡಿಡ್’ ಒಂದೊಂದು ಕಾರ್ಡು. ಇನ್ನೊಂದು ಕಾರ್ಡಿನ ಒಂದು ಮಗ್ಗುಲಲ್ಲಿ ‘ವೆಂಟ್’, ಹಿಂದೆ ‘ಗೋ’. ಮೂರು ಮಕ್ಕಳು ಮುಂದೆ ಬಂದು ‘ಯು ವೆಂಟ್ ಟು ಹುಮನಾಬಾದ್’ ಅಂತ ಸಾಲಾಗಿ ನಿಲ್ಲಲಿ. ಈಗ ‘ಡಿಡ್’ ಹಿಡಿದವಳು ಬಂದು ಸಾಲಿನ ತಲೆಗೆ ನಿಲ್ಲಲಿ. ಅವಳು ನಿಂತ ತಕ್ಷಣ ‘ವೆಂಟ್’ ಹಿಡಿದವನು ಕಾರ್ಡು ತಿರುಗಿಸಬೇಕು, ‘ಗೋ’ ಕಾಣಬೇಕು. ನಿನ್ನೆಯ ಗುರುತನ್ನು ‘ಡಿಡ್’ ಹೊತ್ತುಕೊಂಡಿತು, ಇನ್ನೊಬ್ಬನಿಗೆ ಆ ಭಾರ ಬೇಡ. ‘ಡಿಡ್’ ಹೋಗಿ ಕೂತರೆ ಮತ್ತೆ ‘ವೆಂಟ್’. ಕಾರ್ಡು ತಿರುಗಿಸಲು ಮರೆತರೆ ಇಡೀ ಕ್ಲಾಸು ಕೂಗುತ್ತದೆ. ‘ಡಸ್’ಗೂ ಇದೇ ಆಟ: ‘ಡಸ್’ ಬಂದರೆ ‘ಗೋಸ್’ ತಿರುಗಿ ‘ಗೋ’.

‘ಎ’ ಮತ್ತು ‘ದ’ ಕಲಿಸುವುದಕ್ಕೆ ನಮ್ಮ ಅಜ್ಜಿಯರ ಕಥೆ ಸಾಕು. ‘ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಆ ಮಗಳು…’ ಮೊದಲ ಸಲ ಬಂದಾಗ ‘ಒಬ್ಬ’, ಪರಿಚಯ ಆದ ಮೇಲೆ ‘ಆ’. ‘ದೇರ್ ವಾಸ್ ಎ ಕಿಂಗ್. ದ ಕಿಂಗ್ ಹ್ಯಾಡ್ ಎ ಡಾಟರ್. ದ ಡಾಟರ್…’ ಇದರಿಂದ ಆರ್ಟಿಕಲ್ ಎಲ್ಲ ಬರುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಬರುತ್ತದೆ. ‘ದ ಸನ್’, ‘ಆ್ಯನ್ ಅವರ್’ ಅಂಥವನ್ನು ಬಂದಾಗ ಬಂದಾಗ ಹೇಳಿ.

ಪ್ಯಾಸಿವ್ ವಾಯ್ಸ್‌ಗೆ ಬಿದರಿ ಹೂಜಿ

‘ರಾಮ ಕಿಲ್ಡ್ ರಾವಣ, ರಾವಣ ವಾಸ್ ಕಿಲ್ಡ್ ಬೈ ರಾಮ’. ಹೀಗೆ ತಿರುಗಿಸಿ ಬರೆಸುವುದರಿಂದ ಪ್ಯಾಸಿವ್ ಯಾಕೆ ಬೇಕು ಅನ್ನುವುದೇ ಮಗುವಿಗೆ ತಿಳಿಯುವುದಿಲ್ಲ. ಬಿದರಿ ಕೆಲಸ ತಗೊಳ್ಳಿ. ಬೀದರಿನ ಮಕ್ಕಳಲ್ಲಿ ಯಾರಾದರೂ ಕಾರ್ಖಾನೆ ಹತ್ತಿರದಿಂದ ನೋಡಿರುತ್ತಾರೆ, ಅವರಿಂದಲೇ ಹೇಳಿಸಿ: ಸತು ತಾಮ್ರ ಕೂಡಿಸಿ ಕರಗಿಸ್ತಾರೆ, ಅಚ್ಚಿಗೆ ಹೊಯ್ತಾರೆ, ನಕಾಶೆ ಕೊರೀತಾರೆ, ಬೆಳ್ಳಿ ತಂತಿ ಬಡಿದು ಕೂಡಿಸ್ತಾರೆ, ಕೋಟೆ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜುತಾರೆ, ಹೂಜಿ ಕಪ್ಪಗಾಗ್ತದೆ, ಬೆಳ್ಳಿ ಬೆಳ್ಳಗೇ ಉಳಿತದೆ.

ಇಲ್ಲಿ ಮಕ್ಕಳನ್ನು ನಿಲ್ಲಿಸಿ ಕೇಳಿ, ‘ಕರಗಿಸ್ತಾರೆ ಅಂದ್ರಲ್ಲ, ಯಾರು?’ ಯಾರೂ ಹೆಸರು ಹೇಳಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕನ್ನಡದಲ್ಲಿ ‘ತಾರೆ’ ಅಂದರೆ ಆಯಿತು, ಮಾಡುವವರನ್ನು ಬಿಟ್ಟುಬಿಡಬಹುದು. ಇಂಗ್ಲಿಷ್ ವಾಕ್ಯಕ್ಕೆ ಮುಂದೆ ಒಬ್ಬರು ಬೇಕೇ ಬೇಕು, ಆದ್ದರಿಂದ ಕೆಲಸ ಮಾಡಿಸಿಕೊಂಡ ವಸ್ತುವನ್ನೇ ಮುಂದೆ ತಂದು ನಿಲ್ಲಿಸುತ್ತದೆ. ‘ದ ಮೆಟಲ್ ಈಸ್ ಮೆಲ್ಟೆಡ್. ಇಟ್ ಈಸ್ ಪೋರ್ಡ್ ಇಂಟು ಎ ಮೌಲ್ಡ್. ದ ಡಿಸೈನ್ ಈಸ್ ಕಟ್. ಸಿಲ್ವರ್ ವೈರ್ ಈಸ್ ಹ್ಯಾಮರ್ಡ್ ಇನ್. ದ ಪಾಟ್ ಈಸ್ ರಬ್ಡ್ ವಿತ್ ಸಾಯಿಲ್ ಫ್ರಮ್ ದ ಫೋರ್ಟ್.’ ಯಾರು ಅನ್ನದೆ ‘ಮಾಡ್ತಾರೆ’ ಅನ್ನುವ ಕಡೆಯಲ್ಲೆಲ್ಲ ಇಂಗ್ಲಿಷಿನಲ್ಲಿ ‘ಈಸ್’ ಅಥವಾ ‘ಆರ್’ ಹಾಕಿ ಪ್ಯಾಸಿವ್ ಮಾಡಿ ನೋಡಿ, ಹೆಚ್ಚು ಕಡಿಮೆ ಎಲ್ಲ ಕಡೆ ಕೂಡುತ್ತದೆ. ಕಲಬುರಗಿಯವರು ತೊಗರಿ ಬೇಳೆ ಮಾಡುವುದನ್ನು ತಗೊಳ್ಳಲಿ, ವಾಡಿ, ಸೇಡಂನವರು ಸಿಮೆಂಟ್, ಯಾದಗಿರಿಯವರು ಹತ್ತಿ. ಮನೆಯಲ್ಲಿ ರೊಟ್ಟಿ ಬಡಿಯುವುದೂ ಆದೀತು.

ರಿಪೋರ್ಟೆಡ್ ಸ್ಪೀಚ್‌ನಲ್ಲೂ ಹೀಗೇ ಒಂದು ಗಂಟು ಇದೆ. ‘ನಾಳೆ ಬರ್ತೀನಿ ಅಂತ ಹೇಳಿದ’. ನಾವು ಅವನ ‘ಬರ್ತೀನಿ’ಯನ್ನು ಹಾಗೇ ಎತ್ತಿ ‘ಅಂತ’ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ‘ಐ’ ಹೋಗಿ ‘ಹಿ’, ‘ವಿಲ್’ ಹೋಗಿ ‘ವುಡ್’. ಇದಕ್ಕೆ ನಿಜವಾದ ಸುದ್ದಿ ಕಳಿಸಿ. ಒಬ್ಬಳನ್ನು ಹೆಡ್ ಮಾಸ್ತರರ ಹತ್ತಿರ ಕಳಿಸಿ, ಅವರು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಲಿ, ಅವಳು ಬಂದು ‘ಹಿ ಸೆಡ್ ದಟ್…’ ಅಂತ ಕ್ಲಾಸಿಗೆ ಒಪ್ಪಿಸಲಿ. ಸುದ್ದಿ ನಿಜ ಇದ್ದಾಗ ಯಾರ ಮಾತು ಯಾರು ಹೇಳುತ್ತಿದ್ದಾರೆ ಅನ್ನುವುದು ತಾನೇ ತಿಳಿಯುತ್ತದೆ.

ಕೇಳುವುದು, ಓದುವುದು, ಮಾತು

ಒಬ್ಬ ಹುಡುಗ ಗಟ್ಟಿಯಾಗಿ ಓದುವುದು, ಉಳಿದವರು ಬೆರಳು ಇಟ್ಟುಕೊಂಡು ಹಿಂಬಾಲಿಸುವುದು. ಇದನ್ನು ಓದು ಅನ್ನಲು ನನಗೆ ಮನಸ್ಸಿಲ್ಲ. ಓದಿಸುವ ಮೊದಲು ಒಂದು ಪ್ರಶ್ನೆ ಬೋರ್ಡಿನ ಮೇಲೆ ಇಡಿ, ಮೂರು ನಿಮಿಷ ಬಾಯಿ ಮುಚ್ಚಿ ಓದಲಿ, ಉತ್ತರ ಸಿಕ್ಕವರು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆಯಲಿ. ಪಠ್ಯಪುಸ್ತಕದ ಹೊರಗೂ ಓದಲು ಬೇಕಾದಷ್ಟಿದೆ. ಬಿಸ್ಕತ್ತಿನ ಕವರು, ಗೊಬ್ಬರದ ಚೀಲ, ಔಷಧಿ ಡಬ್ಬಿ ಮನೆಯಿಂದ ತರಲು ಹೇಳಿ. ಕೀಟನಾಶಕದ ಡಬ್ಬಿ ಮಾತ್ರ ಬೇಡ, ಅದರ ಮೇಲಿನ ಸೂಚನೆಯನ್ನು ನೀವೇ ಬರೆದು ತನ್ನಿ. ‘ಸ್ಟೋರ್ ಇನ್ ಎ ಕೂಲ್ ಅಂಡ್ ಡ್ರೈ ಪ್ಲೇಸ್’, ‘ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್’. ಆಜ್ಞೆ ಕೊಡುವ ವಾಕ್ಯ ಹೇಗಿರುತ್ತದೆ ಅನ್ನುವುದು ಇದರಲ್ಲೇ ಇದೆ, ಅಪ್ಪನಿಗೆ ಓದಿ ಹೇಳಿದರೆ ಮನೆಗೂ ಉಪಯೋಗ.

1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು, ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರಾಗಿದೆ. ಗ್ರಾಮರ್ ಪಾಠ ಬಿಟ್ಟು, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಇಂಗ್ಲಿಷಿನಲ್ಲಿ ಯೋಚಿಸಿ ಬಿಡಿಸುವ ಕೆಲಸ ಕೊಟ್ಟರು. ಅರ್ಥದ ಕಡೆ ಗಮನ ಇದ್ದಾಗ ವ್ಯಾಕರಣ ತಾನಾಗಿ ಬೆಳೆಯುತ್ತದೆ ಅನ್ನುವುದು ಅವರ ವಿಚಾರ. ನಿಯಮವನ್ನು ಪೂರ್ತಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಗುವಿಗೆ ಶಾಲೆಯ ಹೊರಗೆ ಇಂಗ್ಲಿಷ್ ಸಿಗುವುದೇ ಕಡಿಮೆ, ಕೇಳಿ ಕೇಳಿ ತಾನೇ ಹಿಡಿಯಲಿ ಅಂದರೆ ಹತ್ತನೇ ತರಗತಿ ಮುಗಿದುಹೋಗುತ್ತದೆ. ಆದರೆ ಆ ವೇಳಾಪಟ್ಟಿಯ ಕೆಲಸ ಚಿನ್ನ. ವಾಡಿ, ಯಾದಗಿರಿ, ಕಲಬುರಗಿ ಸ್ಟೇಷನ್ನಿನ ನಾಲ್ಕು ರೈಲುಗಳ ಸಮಯ ಬರೆದುಕೊಂಡು ಬನ್ನಿ. ಒಬ್ಬನ ಹತ್ತಿರ ಹೊರಡುವ ಸಮಯ, ಇನ್ನೊಬ್ಬನ ಹತ್ತಿರ ಮುಟ್ಟುವ ಸಮಯ, ಒಬ್ಬರದು ಒಬ್ಬರು ನೋಡುವಂತಿಲ್ಲ, ಕೇಳಿಯೇ ತಿಳಿಯಬೇಕು: ‘ವೆನ್ ಡಸ್ ಇಟ್ ಲೀವ್?’, ‘ಇಟ್ ಲೀವ್ಸ್ ಅಟ್ ನೈನ್.’ ಸ್ಟೇಷನ್ನಿಗೆ ಹೋದಾಗ ಅನೌನ್ಸ್‌ಮೆಂಟ್ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು ಕೇಳಿಸಿ, ಯಾವ ರೈಲು, ಎಷ್ಟನೇ ಪ್ಲಾಟ್‌ಫಾರ್ಮ್ ಅಂತ ಹಿಡಿಯಲಿ.

ಉಚ್ಚಾರಣೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಮೂರು ವಿಷಯ ನೋಡಿ. ‘ಇಸ್ಕೂಲ್’, ‘ಇಸ್ಟೇಷನ್’ ಅನ್ನುವವರು ‘ಸ್ಸ್ಸ್’ ಅಂತ ಉದ್ದ ಎಳೆದು ಆಮೇಲೆ ‘ಕೂಲ್’ ಅನ್ನಲಿ, ನಾಲ್ಕು ದಿನದಲ್ಲಿ ‘ಇ’ ಬಿದ್ದುಹೋಗುತ್ತದೆ. ‘ವಾಕೆಡ್’, ‘ಪ್ಲೇಯೆಡ್’ ಬೇಡ, ‘ವಾಕ್ಟ್’, ‘ಪ್ಲೇಡ್’. ‘ವಾಂಟೆಡ್’, ‘ನೀಡೆಡ್’ ಥರ ಟ, ಡ ಇದ್ದ ಕಡೆ ಮಾತ್ರ ‘ಎಡ್’ ಪೂರ್ತಿ ಕೇಳುತ್ತದೆ. ಇನ್ನು ಝೂ, ಝೀರೊ. ಕನ್ನಡ ಮನೆಯ ಮಕ್ಕಳು ‘ಜೀರೊ’ ಅನ್ನುತ್ತಾರೆ, ಉರ್ದು ಮನೆಯ ಮಕ್ಕಳಿಗೆ ಆ ಸದ್ದು ಮನೆಯಲ್ಲೇ ಬಂದಿರುತ್ತದೆ. ಅವರನ್ನು ಮುಂದೆ ಕರೆದು ಕ್ಲಾಸಿಗೆ ಹೇಳಿಕೊಡಲು ಬಿಡಿ. ಕನ್ನಡದ ಪಿರಿಯಡ್ಡಿನಲ್ಲಿ ಬಾಯಿ ಬಿಡದ ಹುಡುಗಿ ಅಲ್ಲಿ ಟೀಚರ್ ಆಗುತ್ತಾಳೆ.

ಬರೆಸುವುದು, ತಿದ್ದುವುದು

ಎರಡು ಪುಟದ ಪ್ರಬಂಧ ಗೈಡಿನಿಂದ ನಕಲು ಮಾಡಿಸುವ ಬದಲು ಅವರದೇ ಐದು ವಾಕ್ಯ ಬರೆಸಿ. ‘ಮೈ ಮದರ್’ ಅಂದರೆ ಎಲ್ಲರೂ ‘ಮೈ ಮದರ್ ಈಸ್ ವೆರಿ ಕೈಂಡ್’ ಬರೆಯುತ್ತಾರೆ. ‘ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಅವ್ವ ಏನು ಮಾಡ್ತಾಳೆ?’ ಅಂತ ಕೇಳಿ. ‘ಶಿ ಮೇಕ್ಸ್ ಜೋಳದ ರೊಟ್ಟಿ. ಶಿ ಮಿಲ್ಕ್ಸ್ ದ ಬಫೆಲೊ.’ ‘ಮೇಕ್ಸ್’, ‘ಮಿಲ್ಕ್ಸ್’ ಎರಡಕ್ಕೂ ಕೊನೆಯ ‘ಸ್’ ಅದಾಗಿಯೇ ಬಂತು. ರೊಟ್ಟಿಗೆ ಇಂಗ್ಲಿಷ್ ಹುಡುಕಬೇಡಿ, ರೊಟ್ಟಿ ರೊಟ್ಟಿಯೇ ಇರಲಿ.

ತಿದ್ದುವಾಗ ಒಂದು ಬರಹಕ್ಕೆ ಒಂದೇ ತಪ್ಪು ಹಿಡಿಯಿರಿ. ಈ ವಾರ ಪಾಸ್ಟ್ ಟೆನ್ಸ್ ಕಲಿಸಿದ್ದೀರಿ, ಅದನ್ನಷ್ಟೇ ತಿದ್ದಿ, ಸ್ಪೆಲಿಂಗ್ ಬಿಡಿ. ಪುಟ ಪೂರ್ತಿ ಕೆಂಪಾದ ನೋಟ್‌ಬುಕ್ಕನ್ನು ಮಗು ಮುಚ್ಚಿ ಚೀಲದಲ್ಲಿ ಹಾಕುತ್ತದೆ, ತೆರೆಯುವುದಿಲ್ಲ. ತಪ್ಪಿನ ಕೆಳಗೆ ಗೆರೆ ಎಳೆದು ಬಿಡಿ, ಸರಿ ಮಾಡುವುದು ಅವರೇ ಮಾಡಲಿ. ಮಾತಾಡುವಾಗಂತೂ ನಡುವೆ ತಡೆಯಲೇಬೇಡಿ. ಕೇಳಿದ ತಪ್ಪುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಕೊನೆಗೆ ಯಾರದು ಅಂತ ಹೇಳದೆ ಬೋರ್ಡಿನ ಮೇಲೆ ಹಾಕಿ.

ಪರೀಕ್ಷೆಯ ಚಿಂತೆ ಎಲ್ಲರಿಗೂ ಇದೆ, ನನಗೂ ಇದೆ. ಎಸ್ಸೆಸ್ಸೆಲ್ಸಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕ ಬರವಣಿಗೆ, 20 ಆಂತರಿಕ. ಅದರಲ್ಲಿ ಬರುವ ಪತ್ರ, ಪ್ರೊಫೈಲ್, ಚಿತ್ರ ನೋಡಿ ಬರೆಯುವುದು, ಪ್ಯಾರಾ ತಿದ್ದುವುದು ಇವಕ್ಕೆಲ್ಲ ಮಗುವಿಗೆ ಸ್ವಂತ ವಾಕ್ಯ ಬೇಕೇ ಬೇಕು. ಹಳೇ ಪ್ರಶ್ನೆಪತ್ರಿಕೆಗಳನ್ನು ಜನವರಿಯಿಂದ ಶುರು ಮಾಡಿ, ಜೂನಿನಿಂದಲೇ ಬೇಡ.

ಇನ್ನೊಂದು ಮಾತು, ಇದು ನಮ್ಮ ಕಡೆಗೇ ಸೇರಿದ್ದು. ಹತ್ತಿ ಬಿಡಿಸುವಾಗ, ತೊಗರಿ ರಾಶಿ ಮಾಡುವಾಗ ಅರ್ಧ ಕ್ಲಾಸು ಖಾಲಿ. ಅಪ್ಪ ಅವ್ವನ ಜೊತೆ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋದ ಮಕ್ಕಳು ತಿಂಗಳುಗಟ್ಟಲೆ ಬರುವುದಿಲ್ಲ. ಬಂದ ದಿನ ಅವರಿಗೆ ಬಿಟ್ಟುಹೋದ ಪಾಠಗಳ ನೋಟ್ಸ್ ಬರೆಯಲು ಕೂಡಿಸಬೇಡಿ. ಪಕ್ಕದಲ್ಲಿ ಚೆನ್ನಾಗಿ ಮಾತಾಡುವ ಒಬ್ಬರನ್ನು ಕೂಡಿಸಿ, ಇಡೀ ಕ್ಲಾಸು ಅವನನ್ನು ಕೇಳಲಿ: ‘ವೇರ್ ಡಿಡ್ ಯು ಸ್ಟೇ?’, ‘ವಾಟ್ ಡಿಡ್ ಯು ಸೀ?’, ‘ಹೂ ಕುಕ್ಟ್ ದ ಫುಡ್?’ ಅವನು ಕನ್ನಡದಲ್ಲಿ ಹೇಳಲಿ, ನೀವು ಇಂಗ್ಲಿಷ್ ಮಾಡಿ ಬೋರ್ಡಿನ ಮೇಲೆ ಬರೆಯಿರಿ, ಅವನ ಹೆಸರು ಹಾಕಿ, ಅವನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿ. ಮರುದಿನ ಅದರಲ್ಲಿ ಎರಡು ವಾಕ್ಯ ನೋಡದೆ ಹೇಳಲಿ. ಮುಂದಿನ ವಾರದ ಪಾಠಕ್ಕೆ ಅವನನ್ನು ಉಳಿದವರ ಜೊತೆ ಸೇರಿಸಿಬಿಡಿ, ಹಿಂದಿನದ್ದು ಅಲ್ಲಲ್ಲಿ ತಿರುಗಿ ಬಂದಾಗ ಹಿಡಿದುಕೊಳ್ಳುತ್ತಾನೆ.